ತೌಹೀದ್ ಅಂದರೆ ‘ದೇವರು ಒಬ್ಬನೇ’ ಅನ್ನುವ ಲೆಕ್ಕ ಅಷ್ಟೇನಾ?

ಪ್ರಶ್ನೆಗಾರ:
ಕುರ್‌ಆನ್‌ನ ಕನ್ನಡ ಅನುವಾದ ಓದುತ್ತಿದ್ದೇನೆ. ನಾನು ಮುಸ್ಲಿಮನಲ್ಲ, ತಿಳಿದುಕೊಳ್ಳುವ ಆಸೆ ಅಷ್ಟೇ. ಇಸ್ಲಾಂನಲ್ಲಿ ದೇವರು ಒಬ್ಬನೇ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಓದುತ್ತಾ ಹೋದ ಹಾಗೆ ಎರಡು ಕಡೆ ಗಂಟು ಬಿದ್ದಿದೆ.

ಮೊದಲನೆಯದು, ಇದು ಬರೀ ಎಣಿಕೆಯ ವಿಷಯವಾಗಿದ್ದರೆ ಇಷ್ಟು ದೊಡ್ಡದು ಮಾಡುವುದು ಯಾಕೆ? ದೇವರಿಗೆ ಪಾಲುದಾರರನ್ನು ಸೇರಿಸುವುದನ್ನು ಅವನು ಕ್ಷಮಿಸುವುದಿಲ್ಲ, ಉಳಿದದ್ದನ್ನು ತಾನು ಬಯಸಿದವರಿಗೆ ಕ್ಷಮಿಸುತ್ತಾನೆ ಅಂತ 4ನೇ ಅಧ್ಯಾಯದ 48ನೇ ವಚನದಲ್ಲಿದೆ. ಕೊಲೆ, ಸುಲಿಗೆಗಿಂತ ಲೆಕ್ಕ ತಪ್ಪುವುದು ದೊಡ್ಡ ಪಾಪವಾ?

ಇನ್ನೊಂದು 42:11. ಅವನ ಹಾಗೆ ಯಾವುದೂ ಇಲ್ಲ ಅನ್ನುತ್ತದೆ. ಒಂದೇ ಉಸಿರಿಗೆ ಅವನು ಎಲ್ಲ ಕೇಳುವವನು, ಎಲ್ಲ ನೋಡುವವನು ಅಂತಲೂ ಅನ್ನುತ್ತದೆ. ಕೇಳುವುದು, ನೋಡುವುದು ನಾವೂ ಮಾಡುತ್ತೇವಲ್ಲ? ಬೇರೆ ಕಡೆ ಅವನ ಕೈ, ಅವನ ಮುಖ, ಅವನ ಸಿಂಹಾಸನದ ಮಾತೂ ಬರುತ್ತದೆ. ಎರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ?

ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ನನ್ನ ಧರ್ಮ ದೊಡ್ಡದು, ನಿನ್ನದು ಸಣ್ಣದು ಅನ್ನುವ ಜಗಳ ಮಾತ್ರ ಬೇಡ.

ತರ್ಕಜೀವಿ:
ಬಿಡಿಸೋಕೆ ಏನಿದೆ ಸರ್? ಹಲವು ದೇವರಿದ್ದ ಜಾಗದಲ್ಲಿ ಒಬ್ಬನನ್ನು ಇಟ್ಟುಕೊಂಡರು. ಯಹೂದಿಗಳು ಅದನ್ನು ಮೊದಲೇ ಹೇಳಿದ್ದರು. ಇದರಲ್ಲಿ ಹೊಸದೇನೂ ಕಾಣಲ್ಲ.

ಬೆಳಗಿನಗಾಳಿ:
ತರ್ಕಜೀವಿ ಅವರೇ, ಹೊಸದಲ್ಲ ಅನ್ನುವುದನ್ನು ಕುರ್‌ಆನ್ ತಾನೇ ಹೇಳುತ್ತದೆ. ಇಬ್ರಾಹೀಮ್ (ಅಬ್ರಹಾಂ), ಮೂಸಾ (ಮೋಶೆ), ಈಸಾ (ಏಸು) ಎಲ್ಲರೂ ಇದನ್ನೇ ಸಾರಿದರು ಅನ್ನುವುದು ಅದರ ವಾದ. ಆದರೆ ‘ಹಲವರ ಜಾಗದಲ್ಲಿ ಒಬ್ಬ’ ಅನ್ನುವ ಚಿತ್ರ ಸರಿಯಿಲ್ಲ.

ಮಕ್ಕಾದವರಿಗೆ ಅಲ್ಲಾಹ್ ಯಾರೆಂದೇ ಗೊತ್ತಿರಲಿಲ್ಲ, ಪ್ರವಾದಿ ಮುಹಮ್ಮದ್ (ಸ) ಬಂದು ಪರಿಚಯ ಮಾಡಿಕೊಟ್ಟರು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪ್ರವಾದಿಯವರ ತಂದೆಯ ಹೆಸರೇ ಅಬ್ದುಲ್ಲಾ, ಅಲ್ಲಾಹನ ದಾಸ. 29:61 ತೆಗೆದು ನೋಡಿ. ಆಕಾಶ, ಭೂಮಿಯನ್ನು ಸೃಷ್ಟಿಸಿದವನು ಯಾರು ಅಂತ ಅವರನ್ನು ಕೇಳಿದರೆ ಅಲ್ಲಾಹ್ ಅಂತಲೇ ಹೇಳುತ್ತಾರೆ ಅನ್ನುತ್ತದೆ. ಸೃಷ್ಟಿಕರ್ತ ಒಬ್ಬನೇ ಅನ್ನುವುದರಲ್ಲಿ ಅವರಿಗೆ ತಕರಾರೇ ಇರಲಿಲ್ಲ. ಹಾಗಾದರೆ ಜಗಳ ಯಾತಕ್ಕೆ? 39:3ರಲ್ಲಿ ಅವರ ಬಾಯಿಂದಲೇ ಉತ್ತರ ಬರುತ್ತದೆ. ಇವರು ನಮ್ಮನ್ನು ಅಲ್ಲಾಹನ ಹತ್ತಿರ ಸೇರಿಸಲಿ ಅಂತ ಮಾತ್ರ ಇವರನ್ನು ಆರಾಧಿಸುತ್ತೇವೆ ಅಂತ. ಲಾತ್, ಉಝ್ಝಾ, ಮನಾತ್ ಇಂಥ ಮಧ್ಯಸ್ಥರು. ಮೂವರ ಹೆಸರೂ 53ನೇ ಅಧ್ಯಾಯದಲ್ಲಿದೆ.

ಅಂದರೆ ಜಗಳ ಇದ್ದದ್ದು ಎಷ್ಟು ದೇವರು ಅನ್ನುವುದಕ್ಕಿಂತ ಯಾರನ್ನು ಕರೆಯಬೇಕು ಅನ್ನುವುದರಲ್ಲಿ. ಯಾರ ಮುಂದೆ ಹಣೆ ಊರಬೇಕು, ಯಾರಿಗೆ ಹೆದರಬೇಕು, ಕೊನೆಗೆ ಯಾರ ಮೇಲೆ ಭಾರ ಹಾಕಬೇಕು. ಕುರ್‌ಆನ್ ಇದಕ್ಕೆ ಹಡಗಿನ ಚಿತ್ರ ಕೊಡುತ್ತದೆ, 10:22ರಲ್ಲಿ. ಒಳ್ಳೆ ಗಾಳಿ ಬೀಸುತ್ತಿದೆ, ಹಡಗು ಸಾಗುತ್ತಿದೆ, ಎಲ್ಲರೂ ಖುಷಿಯಲ್ಲಿದ್ದಾರೆ. ಇದ್ದಕ್ಕಿದ್ದಂತೆ ಬಿರುಗಾಳಿ. ಎಲ್ಲ ಕಡೆಯಿಂದ ಅಲೆ ನುಗ್ಗುತ್ತದೆ. ಮುಗಿಯಿತು ನಮ್ಮ ಕಥೆ ಅನ್ನಿಸಿದಾಗ ಬೇರೆ ಯಾರ ಹೆಸರೂ ಬಾಯಿಗೆ ಬರುವುದಿಲ್ಲ. ಅವನೊಬ್ಬನನ್ನೇ ಕೂಗುತ್ತಾರೆ. ದಡ ಮುಟ್ಟಿದ ಕೂಡಲೇ ಹಳೇ ಚಾಳಿ. ಕಷ್ಟದಲ್ಲಿ ತಾನಾಗಿ ಹೊರಬರುವ ಆ ಕೂಗನ್ನು ಸುಖದಲ್ಲೂ ಉಳಿಸಿಕೊಳ್ಳಿ ಅನ್ನುವುದೇ ತೌಹೀದ್, ನನ್ನ ಮಟ್ಟಿಗೆ.

4:48ರ ಬಗ್ಗೆ. ಶಿರ್ಕ್‌ನಲ್ಲೇ, ಅಂದರೆ ದೇವರಿಗೆ ಪಾಲುದಾರರನ್ನು ಸೇರಿಸುವುದರಲ್ಲೇ ಇದ್ದು, ತಿದ್ದಿಕೊಳ್ಳದೆ ತೀರಿಕೊಂಡವರ ಮಾತು ಅದು ಅಂತ ವಿದ್ವಾಂಸರು ಅರ್ಥ ಮಾಡುತ್ತಾರೆ. ಬದುಕಿರುವಾಗ ತೌಬಾ (ಪಶ್ಚಾತ್ತಾಪ) ಮಾಡಿದರೆ ಅದಕ್ಕೂ ಕ್ಷಮೆ ಇದೆ. ಪ್ರವಾದಿಯವರ ಸಂಗಾತಿಗಳಲ್ಲಿ ಎಷ್ಟೋ ಜನ ಮೊದಲು ವಿಗ್ರಹ ಪೂಜಿಸುತ್ತಿದ್ದವರೇ ಅಲ್ವಾ?

ಇನ್ನೊಂದು ಮಾತು. ಶಿರ್ಕ್ ಅಂದ ಕೂಡಲೇ ಬೇರೆಯವರ ಕಡೆ ಬೆರಳು ತೋರಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹದೀಸ್‌ನಲ್ಲಿ, ಅಂದರೆ ಪ್ರವಾದಿಯವರ ಮಾತು, ನಡೆಗಳ ವರದಿಯಲ್ಲಿ, ಅವರು ತಮ್ಮ ಜನರ ಬಗ್ಗೆ ಹೆದರಿದ್ದು ಅಡಗಿರುವ ಶಿರ್ಕ್‌ಗೆ. ಒಬ್ಬ ನಮಾಝ್‌ಗೆ ನಿಲ್ಲುತ್ತಾನೆ. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಕೂಡಲೇ ನಮಾಝ್ ಇನ್ನಷ್ಟು ಚೆಂದ ಮಾಡುತ್ತಾನೆ. ಅಷ್ಟೇ. ವಿಗ್ರಹ ಇಲ್ಲ, ಗುಡಿ ಇಲ್ಲ. ಆದರೂ ಅಲ್ಲಿ ಇನ್ನೊಬ್ಬ ಪಾಲುದಾರ ಬಂದಾಯಿತು.

ಪ್ರಶ್ನೆಗಾರ:
ಆಹಾ, ಇದು ಹೊಸ ಕೋನ. ಕೊನೆಯ ಉದಾಹರಣೆ ಚುಚ್ಚಿತು, ಅದು ಎಲ್ಲ ಧರ್ಮದವರಿಗೂ ತಟ್ಟುತ್ತದೆ.

ಹಳೇನಾಣ್ಯ:
ನನ್ನದು ಬೇರೆ ದಾರಿ. ನನಗೆ ಹಳೇ ನಾಣ್ಯಗಳ ಹುಚ್ಚು. ತೌಹೀದ್ ಜನರ ಕೈಗೆ ಹೇಗೆ ಬಂತು ಅನ್ನುವುದು ನಾಣ್ಯದಲ್ಲಿ ಕಣ್ಣಿಗೇ ಕಾಣುತ್ತದೆ.

ಮೊದಲ ದಶಕಗಳಲ್ಲಿ ಮುಸ್ಲಿಮರು ಬಳಸುತ್ತಿದ್ದದ್ದು ಬೈಜಾಂಟಿಯಂನ ಚಿನ್ನ, ಪರ್ಷಿಯಾದ ಬೆಳ್ಳಿ. ಒಂದರಲ್ಲಿ ಚಕ್ರವರ್ತಿ ಮತ್ತು ಶಿಲುಬೆ. ಇನ್ನೊಂದರಲ್ಲಿ ರಾಜನ ಮುಖ ಮತ್ತು ಅಗ್ನಿವೇದಿಕೆ. ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್‌ನ ಕಾಲದಲ್ಲಿ ಮೊದಲು ಅವನ್ನೇ ಅಷ್ಟಿಷ್ಟು ತಿದ್ದಿ ಟಂಕಿಸಿದರು. ಮೆಟ್ಟಿಲ ಮೇಲಿದ್ದ ಶಿಲುಬೆಯ ಅಡ್ಡಪಟ್ಟಿ ತೆಗೆದು ಬರೀ ಕಂಬ ಉಳಿಸಿದರು. ಆಮೇಲೆ ಖಡ್ಗ ಹಿಡಿದು ನಿಂತ ಖಲೀಫನ ಚಿತ್ರ ಬಂತು. ಹಿಜ್ರಿ 77ರಲ್ಲಿ, ಅಂದರೆ ಕ್ರಿ.ಶ. 696–97ರಲ್ಲಿ, ಚಿನ್ನದ ನಾಣ್ಯದ ಎಲ್ಲ ಚಿತ್ರಕ್ಕೂ ಒಂದೇ ಸಲ ಕತ್ತರಿ ಬಿತ್ತು.

ಆ ಹೊಸ ದಿನಾರ್ ಸುಮಾರು 4.25 ಗ್ರಾಂ ಚಿನ್ನ. ಎರಡೂ ಬದಿಯಲ್ಲಿ ಬರೀ ಅಕ್ಷರ. ಖಲೀಫನ ಹೆಸರು ಕೂಡ ಇಲ್ಲ! ಒಂದು ಬದಿಯ ನಡುವೆ ಅಲ್ಲಾಹನ ಹೊರತು ಬೇರೆ ದೇವರಿಲ್ಲ, ಅವನು ಒಬ್ಬನೇ, ಅವನಿಗೆ ಪಾಲುದಾರರಿಲ್ಲ ಅಂತಿದೆ. ಇನ್ನೊಂದು ಬದಿಯ ನಡುವೆ 112ನೇ ಅಧ್ಯಾಯ, ಸೂರಾ ಇಖ್ಲಾಸ್. ಅವನು ಒಬ್ಬನೇ, ಎಲ್ಲರೂ ಅವನನ್ನು ಆಶ್ರಯಿಸಿದ್ದಾರೆ, ಅವನು ಹೆತ್ತವನಲ್ಲ, ಯಾರಿಗೂ ಹುಟ್ಟಿದವನಲ್ಲ. ಇಷ್ಟೇ. ಅವನಿಗೆ ಸಮಾನರು ಯಾರೂ ಇಲ್ಲ ಅನ್ನುವ ನಾಲ್ಕನೇ ವಚನಕ್ಕೆ ದಿನಾರ್‌ನಲ್ಲಿ ಜಾಗ ಸಿಕ್ಕಿಲ್ಲ. ಸ್ವಲ್ಪ ಅಗಲವಾದ ಬೆಳ್ಳಿ ದಿರ್ಹಮ್‌ನಲ್ಲಿ ಅದೂ ಸೇರಿಕೊಂಡಿತು. ಅಂಚಿನಲ್ಲಿ ಸುತ್ತಲೂ ಟಂಕಿಸಿದ ವರ್ಷ.

ರಾಜನ ಮುಖ ಇರಬೇಕಾದ ಕಡೆ ಮುಖವೇ ಇಲ್ಲದ ದೇವರ ವರ್ಣನೆ. ರಾಜಕೀಯವೂ ಇತ್ತು, ಇಲ್ಲ ಅನ್ನಲ್ಲ. ಪಕ್ಕದ ಕ್ರೈಸ್ತ ಸಾಮ್ರಾಜ್ಯಕ್ಕೆ ಇದು ನೇರ ಉತ್ತರ. ಇದೇ ಅಬ್ದುಲ್ ಮಲಿಕ್ ಜೆರುಸಲೇಮಿನಲ್ಲಿ ಕಟ್ಟಿಸಿದ ಡೋಮ್ ಆಫ್ ದ ರಾಕ್ ಅನ್ನುವ ಗುಮ್ಮಟದ ಕಟ್ಟಡದ ಒಳಗೂ ಇದೇ ಮಾತುಗಳಿವೆ. ಸುಮಾರು 240 ಮೀಟರ್ ಉದ್ದದ ಮೊಸಾಯಿಕ್ ಬರಹ. ಮೂರು ಅನ್ನಬೇಡಿ, ದೇವರು ಒಬ್ಬನೇ, ಮಗನಿರುವುದು ಅವನ ಘನತೆಗೆ ಸಲ್ಲದು ಅನ್ನುವ ಕುರ್‌ಆನ್ ವಚನ ಅಲ್ಲಿದೆ. ಈಸಾ ಅವರನ್ನು ಗೌರವದಿಂದಲೇ ಪ್ರವಾದಿ ಅನ್ನುತ್ತದೆ, ಆದರೆ ದೇವರ ಮಗ ಅನ್ನುವುದನ್ನು ಒಪ್ಪುವುದಿಲ್ಲ.

ತರ್ಕಜೀವಿ:
ನಾಣ್ಯದ ಕಥೆ ಚೆನ್ನಾಗಿದೆ. ಆದರೆ ಇಷ್ಟೆಲ್ಲ ನಿರಾಕಾರ ಅನ್ನುವವರು ಮಕ್ಕಾದ ಕಅಬಾ ಕಟ್ಟಡದ ಕಡೆ ತಿರುಗಿಯೇ ನಮಾಝ್ ಮಾಡುವುದು, ಅದರಲ್ಲಿರುವ ಕಪ್ಪು ಕಲ್ಲಿಗೆ ಮುತ್ತಿಡುವುದು ಯಾಕೆ? ಇದೂ ಒಂದು ವಿಗ್ರಹವೇ ಅಲ್ವಾ?

ನೇರಮಾತು:
ಈ ಪ್ರಶ್ನೆ ಎರಡನೇ ಖಲೀಫ ಉಮರ್ ಅವರ ತಲೆಯಲ್ಲೂ ಇತ್ತು ಅಂತ ಕಾಣುತ್ತದೆ. ಕಲ್ಲಿಗೆ ಮುತ್ತಿಡುವಾಗಲೇ ಅದಕ್ಕೆ ಹೇಳಿದರು: ನೀನು ಬರೀ ಕಲ್ಲು ಅಂತ ನನಗೆ ಗೊತ್ತು, ನಿನ್ನಿಂದ ಲಾಭವೂ ಇಲ್ಲ, ಕೆಡುಕೂ ಇಲ್ಲ, ಪ್ರವಾದಿಯವರು ಮುತ್ತಿಟ್ಟದ್ದನ್ನು ನೋಡಿರದಿದ್ದರೆ ನಾನು ಇಡುತ್ತಿರಲಿಲ್ಲ. ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಜನ ಸುತ್ತ ಇರುವಾಗ ಒಬ್ಬ ಖಲೀಫ ಹೀಗೆ ಅಂದದ್ದು.

ದಿಕ್ಕಿನ ವಿಷಯ. ಮದೀನಾಕ್ಕೆ ಬಂದ ಮೇಲೂ 16–17 ತಿಂಗಳು ಮುಸ್ಲಿಮರು ಜೆರುಸಲೇಮಿನ ಕಡೆ ತಿರುಗಿ ನಮಾಝ್ ಮಾಡಿದರು. ಆಮೇಲೆ ಕಅಬಾದ ಕಡೆಗೆ ಬದಲಾಯಿತು. ಕಟ್ಟಡವೇ ದೇವರಾಗಿದ್ದರೆ ಹೀಗೆ ಬದಲಾಯಿಸಲು ಆಗುತ್ತಿತ್ತಾ? ಪೂರ್ವವೂ ಅವನದೇ, ಪಶ್ಚಿಮವೂ ಅವನದೇ, 2:115. ದಿಕ್ಕು ಇರುವುದು ಎಲ್ಲರೂ ಒಟ್ಟಿಗೆ ನಿಲ್ಲಲಿಕ್ಕೆ.

ಇನ್ನೊಂದು ಘಟನೆ ಹೇಳಲೇಬೇಕು. 632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಇದೇ ಉಮರ್ ಅದನ್ನು ನಂಬಲೇ ಇಲ್ಲ. ತೀರಿಕೊಂಡರು ಅಂದವರ ಮೇಲೆ ಎಗರಿ ಬೀಳುತ್ತಿದ್ದರು. ಅಬೂಬಕರ್ ಒಳಗೆ ಹೋಗಿ, ಮುಖದ ಮೇಲಿನ ಬಟ್ಟೆ ಸರಿಸಿ, ಹಣೆಗೆ ಮುತ್ತಿಟ್ಟು ಹೊರಗೆ ಬಂದರು. ಮುಹಮ್ಮದರನ್ನು ಆರಾಧಿಸುತ್ತಿದ್ದವರು ಕೇಳಿ, ಮುಹಮ್ಮದ್ ತೀರಿಕೊಂಡಿದ್ದಾರೆ. ಅಲ್ಲಾಹನನ್ನು ಆರಾಧಿಸುತ್ತಿದ್ದವರು ಕೇಳಿ, ಅವನು ಬದುಕಿದ್ದಾನೆ, ಅವನಿಗೆ ಸಾವಿಲ್ಲ ಅಂದರು. ಆಗ ತಾನೇ ಪ್ರಾಣಸ್ನೇಹಿತನನ್ನು ಕಳೆದುಕೊಂಡವರ ಮಾತು ಇದು. ತೌಹೀದ್ ಬಗ್ಗೆ ನೂರು ಪುಸ್ತಕ ಓದುವ ಬದಲು ಇದೊಂದು ಸಾಕು ಅನ್ನಿಸುತ್ತದೆ ನನಗೆ.

ಪ್ರಶ್ನೆಗಾರ:
ಮೊದಲನೇ ಗಂಟು ಸಾಕಷ್ಟು ಸಡಿಲವಾಯಿತು. ಎರಡನೆಯದಕ್ಕೆ ಯಾರೂ ಕೈ ಹಾಕಿಲ್ಲ!

ತರ್ಕಜೀವಿ:
ಹಾಕಲ್ಲ, ಯಾಕಂದರೆ ಅದು ನಿಜಕ್ಕೂ ಕಷ್ಟ. 38:75ರಲ್ಲಿ ಆದಮನನ್ನು ‘ನನ್ನ ಎರಡು ಕೈಗಳಿಂದ’ ಸೃಷ್ಟಿಸಿದೆ ಅಂತಿದೆ. 20:5ರಲ್ಲಿ ಸಿಂಹಾಸನ. ಕೈ ಅಂದರೆ ಕೈ ಅಲ್ಲ ಅನ್ನುವುದಾದರೆ ಕೈ ಅಂದದ್ದು ಯಾಕೆ? ಕೈ ಅಂದರೆ ಕೈಯೇ ಅನ್ನುವುದಾದರೆ ‘ಅವನ ಹಾಗೆ ಯಾವುದೂ ಇಲ್ಲ’ ಎಲ್ಲಿ ಉಳಿಯಿತು?

ಹಳೇನಾಣ್ಯ:
ಒಳ್ಳೆ ಪ್ರಶ್ನೆ. ಇದರ ಮೇಲೆ ಮುಸ್ಲಿಂ ವಿದ್ವಾಂಸರು ಶತಮಾನಗಟ್ಟಲೆ ಜಗಳವಾಡಿದ್ದಾರೆ, ಜೈಲು, ಚಾಟಿ ಏಟು ಎಲ್ಲ ಆಗಿದೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಎರಡು ಹಳ್ಳಗಳಿಗೆ ಎಲ್ಲರೂ ಹೆದರುತ್ತಿದ್ದರು. ಒಂದು ತಶ್‌ಬೀಹ್, ದೇವರನ್ನು ಸೃಷ್ಟಿಯ ಹಾಗೆ ಮಾಡುವುದು. ಇನ್ನೊಂದು ತಅತೀಲ್, ಅವನ ಗುಣಗಳನ್ನೆಲ್ಲ ಒರೆಸಿಹಾಕಿ ಏನೂ ಹೇಳಲಾಗದ ಬರಿದು ಮಾಡುವುದು. ಮೊದಲನೆಯದರಲ್ಲಿ ದೇವರು ದೊಡ್ಡ ಮನುಷ್ಯನಾಗುತ್ತಾನೆ. ಎರಡನೆಯದರಲ್ಲಿ ಪ್ರಾರ್ಥನೆ ಕೇಳಿಸಿಕೊಳ್ಳುವವನೇ ಇಲ್ಲದ ಹಾಗಾಗುತ್ತದೆ.

ಬುದ್ಧಿ, ತರ್ಕವನ್ನೇ ನೆಚ್ಚಿಕೊಂಡ ಮುಅತಝಿಲರು ಅನ್ನುವ ಪಂಥದವರು ಮೊದಲನೇ ಹಳ್ಳದಿಂದ ಆದಷ್ಟು ದೂರ ಓಡಿದವರು. ಅವರ ತರ್ಕ ಹೀಗೆ. ದೇವರ ಜ್ಞಾನ, ಶಕ್ತಿ, ಮಾತು ಇವೆಲ್ಲ ಅವನಿಂದ ಬೇರೆಯಾಗಿ, ಅವನ ಜೊತೆ ಅನಾದಿಯಿಂದ ಇದ್ದರೆ ಅನಾದಿಯಾದ ವಸ್ತುಗಳು ಹಲವಾದವು. ಆಗ ಒಬ್ಬನೇ ಅನ್ನುವುದು ಎಲ್ಲಿ ಉಳಿಯಿತು? ಅದಕ್ಕೇ ಗುಣಗಳು ಬೇರೆ ಅಲ್ಲ, ಅವನು ತನ್ನಿಂದಲೇ ಬಲ್ಲವನು, ತನ್ನಿಂದಲೇ ಶಕ್ತ ಅಂದರು. ಕೈ ಅಂದರೆ ಶಕ್ತಿ ಅಥವಾ ಅನುಗ್ರಹ, ಸಿಂಹಾಸನ ಅಂದರೆ ಒಡೆತನ. ಕುರ್‌ಆನ್ ದೇವರ ಮಾತು, ಮಾತು ಅನಾದಿಯಲ್ಲ, ಆದ್ದರಿಂದ ಕುರ್‌ಆನ್ ಸೃಷ್ಟಿಯಾದದ್ದು. ತರ್ಕಜೀವಿ ಅವರಿಗೆ ಇವರು ಇಷ್ಟವಾಗಬಹುದು.

ಇಲ್ಲಿ ಖಲೀಫ ಮಅಮೂನ್ ಮಧ್ಯೆ ಬಂದ. 833ರಲ್ಲಿ ಕುರ್‌ಆನ್ ಸೃಷ್ಟಿಯಾದದ್ದು ಅಂತ ಎಲ್ಲ ನ್ಯಾಯಾಧೀಶರು, ವಿದ್ವಾಂಸರು ಒಪ್ಪಬೇಕು ಅಂತ ಆಜ್ಞೆ ಹೊರಡಿಸಿದ. ಇದಕ್ಕೆ ಮಿಹ್ನಾ ಅನ್ನುತ್ತಾರೆ, ಪರೀಕ್ಷೆ. ಹೆಚ್ಚಿನವರು ಹೆದರಿ ತಲೆಯಾಡಿಸಿದರು. ಹದೀಸ್ ವಿದ್ವಾಂಸರಾದ ಅಹ್ಮದ್ ಇಬ್ನ್ ಹನ್‌ಬಲ್ ಒಪ್ಪಲಿಲ್ಲ. ಅದೇ ವರ್ಷ ಮಅಮೂನ್ ಸತ್ತ, ಮುಂದಿನ ಖಲೀಫ ಮುಅತಸಿಮ್ ಕಾಲದಲ್ಲಿ ಅವರಿಗೆ ಚಾಟಿ ಏಟು ಬಿತ್ತು. ಕುರ್‌ಆನ್‌ನಿಂದಲೋ ಹದೀಸ್‌ನಿಂದಲೋ ಒಂದು ಆಧಾರ ಕೊಡಿ, ಒಪ್ಪುತ್ತೇನೆ ಅನ್ನುತ್ತಿದ್ದರಂತೆ. ಕೊನೆಗೆ ಖಲೀಫ ಮುತವಕ್ಕಿಲ್ ಈ ಪರೀಕ್ಷೆಯನ್ನೇ ನಿಲ್ಲಿಸಿದ. ಜನರ ಕಣ್ಣಲ್ಲಿ ಗೆದ್ದದ್ದು ಅಹ್ಮದ್. ಬುದ್ಧಿಯ ಪಕ್ಷ ಚಾಟಿ ಹಿಡಿದದ್ದೇ ಅದಕ್ಕೆ ಮುಳುವಾಯಿತು ಅನ್ನುವುದು ನನ್ನ ಅನಿಸಿಕೆ.

(ಹೇಳಲೇಬೇಕಾದ ಕೊಸರು: ಡೋಮ್ ಆಫ್ ದ ರಾಕ್ ಬರಹದಲ್ಲಿ ಅಬ್ದುಲ್ ಮಲಿಕ್‌ನ ಹೆಸರು ತೆಗೆಸಿ ತನ್ನ ಹೆಸರು ಹಾಕಿಸಿಕೊಂಡವನು ಇದೇ ಮಅಮೂನ್. ಆದರೆ ಪಕ್ಕದ ಹಿಜ್ರಿ 72 ಅನ್ನುವ ವರ್ಷ ಬದಲಾಯಿಸುವುದನ್ನು ಮರೆತರು. ಹಾಗಾಗಿ ಸಿಕ್ಕಿಬಿದ್ದ.)

ಅಹ್ಮದರ ಕಡೆಯವರ ನಿಲುವು ಅದಕ್ಕೂ ಹಳೆಯದು. ಮದೀನಾದ ಇಮಾಮ್ ಮಾಲಿಕ್, 795ರಲ್ಲಿ ತೀರಿಕೊಂಡವರು, ಅವರನ್ನು ಒಬ್ಬ ಸಿಂಹಾಸನದ ಬಗ್ಗೆ ಕೇಳಿದ. ಅವರು ತಲೆ ತಗ್ಗಿಸಿ ಕೂತು, ಬೆವರಿ, ಆಮೇಲೆ ಉತ್ತರಿಸಿದರಂತೆ. ಅದು ಇದೆ ಅನ್ನುವುದು ಗೊತ್ತಿರುವ ವಿಷಯ, ಹೇಗೆ ಅನ್ನುವುದು ನಮ್ಮ ಬುದ್ಧಿಗೆ ನಿಲುಕದ್ದು, ನಂಬುವುದು ಕಡ್ಡಾಯ, ಕೆದಕುವುದು ಬಿದ್‌ಅತ್ (ಧರ್ಮದಲ್ಲಿ ಇಲ್ಲದ್ದನ್ನು ಹೊಸದಾಗಿ ಸೇರಿಸುವುದು). ಕೇಳಿದವನನ್ನು ಹೊರಗೆ ಕಳಿಸಿದರು!

ತರ್ಕಜೀವಿ:
ಹೊರಗೆ ಕಳಿಸುವುದು ಉತ್ತರವಾ?

ಬೆಳಗಿನಗಾಳಿ:
ಹ್ಹ ಹ್ಹ, ಇಲ್ಲಿ ಯಾರನ್ನೂ ಕಳಿಸಲ್ಲ ಬಿಡಿ. ಆದರೆ ಮಾಲಿಕ್ ಅವರ ಮಾತು ಬರೀ ಬಾಯಿ ಮುಚ್ಚಿಸುವುದಲ್ಲ. ಒಂದು ವಸ್ತು ಇದೆ ಅಂತ ತಿಳಿಯುವುದು ಬೇರೆ, ಅದು ಹೇಗಿದೆ ಅಂತ ಕಲ್ಪಿಸುವುದು ಬೇರೆ. ನಾವು ಕೈ ಅಂದ ಕೂಡಲೇ ಮಾಂಸ, ಮೂಳೆ, ಐದು ಬೆರಳು ಕಲ್ಪಿಸುತ್ತೇವೆ. ಅದು ನಮ್ಮ ಕೈ. 42:11 ಆ ಕಲ್ಪನೆಯನ್ನು ಮುರಿಯಲಿಕ್ಕೆ. ಅದೇ ವಚನದ ಉಳಿದರ್ಧ, ಕೇಳುವವನು, ನೋಡುವವನು, ಅದು ದೇವರು ದೂರ ಸರಿದುಹೋಗದ ಹಾಗೆ ತಡೆಯಲಿಕ್ಕೆ. ನಿಮ್ಮ ಎರಡು ಹಳ್ಳಕ್ಕೂ ಒಂದೇ ವಚನದಲ್ಲಿ ಬೇಲಿ ಇದೆ, ಹಳೇನಾಣ್ಯ ಸರ್.

ಆಮೇಲೆ ಬಂದವರು ಅಬುಲ್ ಹಸನ್ ಅಶ್‌ಅರಿ. ಸುಮಾರು 40 ವರ್ಷ ವಯಸ್ಸಿನವರೆಗೆ ಮುಅತಝಿಲರಲ್ಲೇ ಇದ್ದು ಆಚೆ ಬಂದವರು. ಅಹ್ಮದರ ನಂಬಿಕೆಯನ್ನೇ ಮುಅತಝಿಲರ ತರ್ಕದ ಆಯುಧದಿಂದ ಕಾಯುತ್ತೇನೆ ಅಂದರು. ಗುಣಗಳು ನಿಜವಾಗಿ ಇವೆ. ಆದರೆ ಅವು ಅವನೇ ಅಲ್ಲ, ಅವನಿಂದ ಬೇರೆಯೂ ಅಲ್ಲ. ಸಮರ್‌ಖಂದ್‌ನಲ್ಲಿ ಮಾತುರೀದಿ ಅನ್ನುವ ವಿದ್ವಾಂಸರು ಹತ್ತಿರ ಹತ್ತಿರ ಇದೇ ಕೆಲಸ ಮಾಡಿದರು. ಇವತ್ತಿಗೂ ಸುನ್ನಿಗಳಲ್ಲಿ ಈ ಎರಡು ಪಂಥ ಮತ್ತು ಅಹ್ಮದರನ್ನು ಅನುಸರಿಸುವ ಹನ್‌ಬಲಿಗಳ ಹಾದಿ, ಇವೇ ಮುಖ್ಯ. ಶಿಯಾಗಳು ಗುಣಗಳು ಅವನ ಅಸ್ತಿತ್ವದಿಂದ ಬೇರೆಯೇ ಅಲ್ಲ ಅನ್ನುತ್ತಾರೆ. ಈ ವಿಷಯದಲ್ಲಿ ಮುಅತಝಿಲರಿಗೆ ಹತ್ತಿರ.

ನೇರಮಾತು:
ಅಕ್ಕ, ‘ಅವನೂ ಅಲ್ಲ, ಬೇರೆಯೂ ಅಲ್ಲ’ ಅನ್ನುವುದನ್ನು ಒಬ್ಬ ಸಾಮಾನ್ಯ ಮನುಷ್ಯ ಹೇಗೆ ನಂಬಬೇಕು? ಗ್ರೀಕರಿಂದ ತಂದ ತರ್ಕದಲ್ಲಿ ಕೂದಲು ಸೀಳುವುದು ಬಿಟ್ಟು ಇನ್ನೇನಿದೆ ಅದರಲ್ಲಿ? ಮುಸ್ಲಿಮ್ ಅನ್ನುವ ವಿದ್ವಾಂಸರ ಸಂಗ್ರಹದ ಹದೀಸ್ ನೋಡಿ. ಒಬ್ಬ ದಾಸಿಯನ್ನು ಪ್ರವಾದಿಯವರು ಅಲ್ಲಾಹ್ ಎಲ್ಲಿದ್ದಾನೆ ಅಂತ ಕೇಳಿದರು. ಆಕಾಶದಲ್ಲಿ ಅಂದಳು. ನಾನು ಯಾರು ಅಂದರು. ಅಲ್ಲಾಹನ ದೂತರು ಅಂದಳು. ಇವಳನ್ನು ಬಿಡುಗಡೆ ಮಾಡಿ, ಇವಳು ವಿಶ್ವಾಸಿ ಅಂದರು. ಪರೀಕ್ಷೆ ಅಷ್ಟರಲ್ಲೇ ಮುಗಿಯಿತು. ಹನ್‌ಬಲಿ ವಿದ್ವಾಂಸ ಇಬ್ನ್ ತೈಮಿಯಾ (1263–1328) ಹೇಳಿದ್ದೂ ಇದನ್ನೇ. ಅಲ್ಲಾಹ್ ತನ್ನ ಬಗ್ಗೆ ಏನು ಹೇಳಿದ್ದಾನೋ ಅದನ್ನು ತಿರುಚದೆ, ಅಳಿಸದೆ, ಹೇಗೆ ಅನ್ನದೆ, ಹೋಲಿಸದೆ ಒಪ್ಪಿಕೊಳ್ಳಿ.

ಬೆಳಗಿನಗಾಳಿ:
ಅದೇ ಹದೀಸ್‌ನಲ್ಲಿ ‘ಆಕಾಶ’ ಅಂದರೆ ಉನ್ನತಿ, ಜಾಗವಲ್ಲ ಅಂತ ಅಶ್‌ಅರಿಗಳು ಓದುತ್ತಾರೆ ತಮ್ಮಾ. ಜಾಗವನ್ನು ಸೃಷ್ಟಿಸಿದವನು ಜಾಗದೊಳಗೆ ಇರುತ್ತಾನಾ ಅಂತ ಅವರ ಪ್ರಶ್ನೆ. ನಾನು ಈ ಕಡೆ, ನೀನು ಆ ಕಡೆ. ಇಬ್ಬರೂ ಹೇಳುವುದು ಸುಬ್‌ಹಾನಲ್ಲಾಹ್, ಅಲ್ಲಾಹ್ ಪರಮಪಾವನ, ಅಂತಲೇ.

ಸೂಫಿದಾರಿ:
ತಡವಾಗಿ ಬಂದೆ. ಕೈ, ಸಿಂಹಾಸನ ಅಂತ ಇಷ್ಟು ಮಾತಾಡಿದ್ದೀರಿ, ಅವನು ಎಂಥವನು ಅನ್ನುವುದನ್ನು ಯಾರೂ ಹೇಳಲಿಲ್ಲವಲ್ಲ! ಕುರ್‌ಆನ್‌ನ 114 ಅಧ್ಯಾಯಗಳಲ್ಲಿ 9ನೆಯದೊಂದನ್ನು ಬಿಟ್ಟು ಎಲ್ಲವೂ ರಹ್ಮಾನ್, ರಹೀಮ್ ಅನ್ನುವ ಹೆಸರುಗಳಿಂದಲೇ ಶುರುವಾಗುತ್ತವೆ. ಎರಡೂ ಕರುಣೆಯ ಹೆಸರು. ಒಂದು ಯುದ್ಧದ ನಂತರ ಸೆರೆಸಿಕ್ಕವರಲ್ಲಿ ಒಬ್ಬ ತಾಯಿ ತನ್ನ ಮಗುವನ್ನು ಹುಡುಕುತ್ತಾ ಓಡಾಡುತ್ತಿದ್ದಳು. ಮಗು ಸಿಕ್ಕಿತು, ಎದೆಗೆ ಅವಚಿಕೊಂಡು ಹಾಲು ಕುಡಿಸಿದಳು. ಪ್ರವಾದಿಯವರು ಜೊತೆಗಿದ್ದವರನ್ನು ಕೇಳಿದರು: ಇವಳು ಈ ಮಗುವನ್ನು ಬೆಂಕಿಗೆ ಹಾಕುತ್ತಾಳಾ? ಖಂಡಿತ ಇಲ್ಲ ಅಂದರು. ಇವಳಿಗೆ ಮಗುವಿನ ಮೇಲಿರುವುದಕ್ಕಿಂತ ಜಾಸ್ತಿ ಕರುಣೆ ಅಲ್ಲಾಹನಿಗೆ ತನ್ನ ದಾಸರ ಮೇಲಿದೆ ಅಂದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

99 ಹೆಸರುಗಳ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಸಂಖ್ಯೆ ಹದೀಸ್‌ನಲ್ಲಿದೆ. ಈಗ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಪಟ್ಟಿ ತಿರ್ಮಿದಿ ಸಂಗ್ರಹದಲ್ಲಿ ಬರುತ್ತದೆ. ಆ ಪಟ್ಟಿಯನ್ನು ವರದಿ ಮಾಡಿದವರು ಸೇರಿಸಿದ್ದು ಅನ್ನುವ ವಿದ್ವಾಂಸರೇ ಹೆಚ್ಚು. ಅವನ ಹೆಸರು ಅಷ್ಟಕ್ಕೇ ಮುಗಿಯಿತು ಅಂತಲೂ ಅಲ್ಲ. 1111ರಲ್ಲಿ ತೀರಿಕೊಂಡ ವಿದ್ವಾಂಸ ಗಝಾಲಿ ಈ ಹೆಸರುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಪ್ರತಿ ಹೆಸರಿನ ಕೊನೆಗೂ ಇದರಲ್ಲಿ ಮನುಷ್ಯನ ಪಾಲೇನು ಅಂತ ಕೇಳುತ್ತಾರೆ. ಅವನು ಕ್ಷಮಿಸುವವನು ಅಂತ ಬಾಯಲ್ಲಿ ಹೇಳಿ, ಎದುರಿನವನ ತಪ್ಪನ್ನು ಊರೆಲ್ಲ ಸಾರಿದರೆ ನಿನಗೆ ಆ ಹೆಸರಿನ ಪಾಲು ಸಿಕ್ಕಿಲ್ಲ ಅನ್ನುವ ಧಾಟಿ.

ಇನ್ನು ಹತ್ತಿರದ ಮಾತು. ಮನುಷ್ಯನಿಗೆ ಅವನ ಕೊರಳಿನ ನರಕ್ಕಿಂತ ನಾವು ಹತ್ತಿರ ಅಂತ ಅಲ್ಲಾಹ್ ಹೇಳುತ್ತಾನೆ, 50:16. ಇಲ್ಲಿಂದಲೇ ಸೂಫಿಗಳ ದಾರಿ ಹೊರಡುವುದು. ಹಲ್ಲಾಜ್ ‘ಅನಲ್ ಹಕ್’, ನಾನೇ ಸತ್ಯ, ಅಂದರು ಅನ್ನುತ್ತಾರೆ. 922ರಲ್ಲಿ ಬಾಗ್ದಾದ್‌ನಲ್ಲಿ ಅವರನ್ನು ಕೊಂದರು, ರಾಜಕೀಯ ಕಾರಣಗಳೂ ಇದ್ದವು. ‘ನಾನು’ ಅನ್ನುವುದೇ ಉಳಿಯದವನ ಬಾಯಿಂದ ಬಂದ ಮಾತು ಅದು ಅಂತ ಅವರ ಪರವಾಗಿ ಹೇಳುವವರಿದ್ದಾರೆ. ಮುಂದೆ ಇಬ್ನ್ ಅರಬಿ (1165–1240) ನಿಜವಾದ ಇರವು ಅವನದೊಂದೇ, ಉಳಿದದ್ದೆಲ್ಲ ಅದರ ತೋರಿಕೆ ಅನ್ನುವ ತನಕ ಹೋದರು. ಬೇರೆ ದೇವರಿಲ್ಲ ಅನ್ನುವುದು ಬೇರೆ ಏನೂ ಇಲ್ಲ ಅನ್ನುವವರೆಗೆ ಬೆಳೆಯಿತು. ಇದಕ್ಕೆ ವಹ್ದತುಲ್ ವುಜೂದ್ ಅನ್ನುತ್ತಾರೆ.

ನೇರಮಾತು:
ಇದನ್ನು ಒಪ್ಪಲು ಆಗಲ್ಲ. ಸೃಷ್ಟಿಯೂ ಸೃಷ್ಟಿಕರ್ತನೂ ಒಂದೇ ಆದರೆ ಯಾರು ಯಾರಿಗೆ ಸುಜೂದ್ (ಸಾಷ್ಟಾಂಗ) ಮಾಡುವುದು? ನೀವು ಹೆಸರಿಸಿದ ದಾರಿಯಲ್ಲೇ ಇದ್ದ ಅಹ್ಮದ್ ಸರ್‌ಹಿಂದಿ (1564–1624) ಕೂಡ ಇದನ್ನು ತಿದ್ದಿದರು. ಒಂದೇ ಅನ್ನಿಸುವುದು ಸಾಧಕನ ಅನುಭವ ಮಾತ್ರ, ವಸ್ತುಸ್ಥಿತಿ ಅಲ್ಲ; ಸೂರ್ಯ ಮೂಡಿದಾಗ ನಕ್ಷತ್ರ ಕಾಣುವುದಿಲ್ಲ, ಹಾಗಂತ ನಕ್ಷತ್ರ ಇಲ್ಲ ಅಂತಲ್ಲ ಅಂದರು.

ಸೂಫಿದಾರಿ:
ಇಬ್ನ್ ಅರಬಿ ಕೂಡ ದಾಸ ದಾಸನೇ, ಒಡೆಯ ಒಡೆಯನೇ ಅಂದಿದ್ದಾರೆ ತಮ್ಮಾ. ಕಲ್ಲು, ಮಣ್ಣು ದೇವರು ಅಂತ ಅವರು ಹೇಳಲಿಲ್ಲ. ಆದರೆ ಸರ್‌ಹಿಂದಿಯವರ ಮಾತು ನನಗೂ ಇಷ್ಟ.

ನಿರ್ವಾಹಕ:
ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ದರ್ಗಾಕ್ಕೆ ಹೋಗುವವರನ್ನು ಮುಶ್ರಿಕ್ (ಶಿರ್ಕ್ ಮಾಡುವವರು) ಅನ್ನುವುದು, ಹೋಗದವರನ್ನು ಇನ್ನೇನೋ ಅನ್ನುವುದು ಇಲ್ಲಿ ನಡೆಯಲ್ಲ. ವಾದ ಮಾಡಿ, ಹಣೆಪಟ್ಟಿ ಹಚ್ಚಬೇಡಿ.

ತರ್ಕಜೀವಿ:
ನನ್ನ ಕೊನೆಯ ಎರಡು ಬಾಣ. ಮೊದಲನೆಯದು ಎಲ್ಲರಿಗೂ ಗೊತ್ತು: ಸರ್ವಶಕ್ತನಾದ ದೇವರು ತಾನೇ ಎತ್ತಲಾಗದ ಕಲ್ಲು ಮಾಡಬಲ್ಲನಾ? ಎರಡನೆಯದು 21:22. ಹಲವು ದೇವರಿದ್ದರೆ ಆಕಾಶ, ಭೂಮಿ ಕೆಟ್ಟುಹೋಗುತ್ತಿದ್ದವು ಅನ್ನುತ್ತದೆ. ಇಬ್ಬರು ದೇವರು ಸದಾ ಒಮ್ಮತದಿಂದ ಇದ್ದರೆ ಯಾಕೆ ಕೆಡಬೇಕು?

ಹಳೇನಾಣ್ಯ:
ಕಲ್ಲಿನದು ಸುಲಭ. ಕಲಾಂ (ತರ್ಕದ ಮೂಲಕ ನಂಬಿಕೆಯನ್ನು ಚರ್ಚಿಸುವ ಶಾಸ್ತ್ರ) ವಿದ್ವಾಂಸರು ಶಕ್ತಿ ಸಂಬಂಧಪಡುವುದು ಆಗಬಹುದಾದದ್ದಕ್ಕೆ ಮಾತ್ರ ಅಂತ ಮೊದಲೇ ಗೆರೆ ಹಾಕಿದ್ದಾರೆ. ‘ಸರ್ವಶಕ್ತ ಎತ್ತಲಾಗದ ಕಲ್ಲು’ ಅನ್ನುವುದು ವಸ್ತುವೇ ಅಲ್ಲ, ತನ್ನನ್ನೇ ಹೊಡೆದುಹಾಕುವ ಮಾತು.

ಒಮ್ಮತದ್ದು ಗಟ್ಟಿ ಪ್ರಶ್ನೆ. ಒಬ್ಬ ಒಂದು ವಸ್ತು ಚಲಿಸಲಿ ಅಂದ, ಇನ್ನೊಬ್ಬ ನಿಲ್ಲಲಿ ಅಂದ ಅಂತ ಇಟ್ಟುಕೊಳ್ಳಿ. ಇಬ್ಬರದೂ ನಡೆಯಲು ಸಾಧ್ಯವಿಲ್ಲ. ಯಾರದು ನಡೆಯಲಿಲ್ಲವೋ ಅವನು ದೇವರಲ್ಲ. ಒಮ್ಮತ ಇದ್ದರೂ ಹೀಗಾಗುವ ಸಾಧ್ಯತೆ ಇದೆ ಅನ್ನುವುದೇ ಸಾಕು ಅಂತ ಅವರ ವಾದ. ನನಗೆ ತತ್ವಜ್ಞಾನಿ ಇಬ್ನ್ ಸೀನಾ (980–1037) ಹೇಳಿದ್ದು ಇನ್ನೂ ಹಿಡಿಸುತ್ತದೆ. ಜಗತ್ತಿನ ಎಲ್ಲ ವಸ್ತುವೂ ಇರಲೂಬಹುದಿತ್ತು, ಇಲ್ಲದೆಯೂ ಇರಬಹುದಿತ್ತು. ಅವುಗಳ ಇರವಿಗೆ ಆಚೆಗೊಂದು ಕಾರಣ ಬೇಕು. ಕೊನೆಗೆ ತನ್ನಿಂದಲೇ ಇರುವ, ಇರಲೇಬೇಕಾದ ಒಂದು ಬೇಕಾಗುತ್ತದೆ. ಅಂಥವು ಎರಡು ಇದ್ದರೆ ಇದು ಅದಲ್ಲ ಅಂತ ಬೇರ್ಪಡಿಸುವ ಏನೋ ಒಂದು ಅವುಗಳಲ್ಲಿ ಇರಬೇಕು. ಆಗ ಅದು ಎರಡು ಅಂಶ ಕೂಡಿ ಆದದ್ದು. ಕೂಡಿ ಆದದ್ದು ತನ್ನ ಅಂಶಗಳನ್ನು ಆಶ್ರಯಿಸಿರುತ್ತದೆ. ಆಶ್ರಯಿಸಿದ್ದು ತನ್ನಿಂದಲೇ ಇರುವುದಲ್ಲ. ಹಾಗಾಗಿ ಒಂದೇ. ಅದೇ ಇಬ್ನ್ ಸೀನಾ ದೇವರು ಬಿಡಿ ಬಿಡಿ ವಿಷಯಗಳನ್ನು ನಮ್ಮ ಹಾಗೆ ತಿಳಿಯುವುದಿಲ್ಲ ಅಂದದ್ದಕ್ಕೆ ಗಝಾಲಿ ಕಿಡಿಕಾರಿದರು, ಅದು ಬೇರೆ ಕಥೆ.

ತರ್ಕಜೀವಿ:
ತನ್ನಿಂದಲೇ ಇರುವುದು ಒಂದು ಇರಲೇಬೇಕು ಅನ್ನುವುದನ್ನೇ ನಾನು ಇನ್ನೂ ಒಪ್ಪಿಲ್ಲ. ಜಗತ್ತೇ ತನ್ನಿಂದ ತಾನು ಇರಬಾರದಾ? ಆದರೆ ಇದು ಕುರುಡು ನಂಬಿಕೆ ಮಾತ್ರ ಅಂತ ಅಂದುಕೊಂಡಿದ್ದೆ, ಇಷ್ಟು ಗುದ್ದಾಟ ಒಳಗೇ ನಡೆದಿದೆ ಅಂತ ಗೊತ್ತಿರಲಿಲ್ಲ.

ಪ್ರಶ್ನೆಗಾರ:
ಎಲ್ಲರಿಗೂ ಧನ್ಯವಾದ. ಮಾಲಿಕ್ ಅವರ ಉತ್ತರ ಓದಿ ಮೊದಲು ಸಿಟ್ಟು ಬಂತು, ಬೆಳಗಿನಗಾಳಿ ಅವರ ವಿವರಣೆ ಓದಿದ ಮೇಲೆ ಕಡಿಮೆಯಾಯಿತು. ಈಗ ಹೊಸ ಅನುಮಾನ. ಅವನು ಎಲ್ಲ ಮೊದಲೇ ಬಲ್ಲವನು, ಎಲ್ಲ ಅವನ ಇಚ್ಛೆಯಂತೆ ಅನ್ನುವುದಾದರೆ ನನ್ನ ತಪ್ಪಿಗೆ ನಾನು ಹೊಣೆ ಹೇಗೆ?

ಬೆಳಗಿನಗಾಳಿ:
ಅಶ್‌ಅರಿ ಮುಅತಝಿಲರನ್ನು ಬಿಟ್ಟು ಬಂದ ಕಥೆ ಈ ಪ್ರಶ್ನೆಯ ಸುತ್ತಲೇ ಇದೆ. ಮೂವರು ಅಣ್ಣತಮ್ಮಂದಿರ ಕಥೆ, ಒಬ್ಬ ಸಜ್ಜನ, ಒಬ್ಬ ದುಷ್ಟ, ಒಬ್ಬ ಚಿಕ್ಕಂದಿನಲ್ಲೇ ಸತ್ತವನು. ನನ್ನನ್ನು ಬೆಳೆಯಲು ಯಾಕೆ ಬಿಡಲಿಲ್ಲ ಅಂತ ಮಗು ಕೇಳಿದರೆ, ಬೆಳೆದಿದ್ದರೆ ನೀನು ಪಾಪ ಮಾಡುತ್ತಿದ್ದೆ ಅಂತ ಉತ್ತರ. ಹಾಗಾದರೆ ನನ್ನನ್ನೂ ಆಗಲೇ ಯಾಕೆ ಕರೆಸಿಕೊಳ್ಳಲಿಲ್ಲ ಅಂತ ದುಷ್ಟ ಕೇಳುತ್ತಾನೆ. ಗುರು ಜುಬ್ಬಾಈ ಹತ್ತಿರ ಉತ್ತರ ಇರಲಿಲ್ಲವಂತೆ. ಆದರೆ ಇದನ್ನು ಇಲ್ಲಿ ಶುರು ಮಾಡಿದರೆ ಮುಗಿಯಲ್ಲ.

ನಿರ್ವಾಹಕ:
ಹೌದು, ವಿಧಿಯ ಪ್ರಶ್ನೆಗೆ ಬೇರೆ ಚರ್ಚೆ ತೆರೆಯಿರಿ. ಮೂವರು ಅಣ್ಣತಮ್ಮಂದಿರಿಂದಲೇ ಶುರು ಮಾಡಬಹುದು.